ಅವ್ವ ನೋಡಿದ ಆಟ

ನಾನು ನಾಲ್ಕು ಸಲ ರಾಜ್ಯದ ಮಹಿಳಾ ಟೆನಿಸ್ ಚಾಂಪಿಯನ್ ಆಗಿದ್ದವಳು. ಯಾವ ರಾಜ್ಯ ಎಂದು ಮಾತ್ರ ಕೇಳಬೇಡಿ. ನಾನು ಗೆದ್ದ ರಾಜ್ಯ ಈಗ ಎರಡಾಗಿದೆ, ನನ್ನ ಗೆಲುವು ಯಾರ ಪಾಲಿಗೆ ಹೋಯಿತೆಂದು ಯಾರೂ ಹೇಳಿಲ್ಲ. ಕಪ್ಪುಗಳಲ್ಲಿ ಮೂರು ಮನೆ ಬದಲಿಸುವಾಗ ಕಳೆದವು. ಉಳಿದ ಒಂದರಲ್ಲಿ ಅವ್ವ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಇಡುತ್ತಾಳೆ. ಅದಕ್ಕೆ ನನಗೆ ಬೇಜಾರಿಲ್ಲ, ಕಪ್ಪು ಅಷ್ಟಕ್ಕಾದರೂ ಬರಲಿ.

ನನ್ನ ಸಂಕಟ ಬೇರೆ. ಹದಿನಾರು ವರ್ಷ ಪಂದ್ಯ ಆಡಿದೆ. ಅಪ್ಪನ ಆಫೀಸಿನವರು ನೋಡಿದರು, ಪೇಪರಿನವರು ನೋಡಿದರು, ಆಗ ನಾವಿದ್ದ ಸುಲ್ತಾನ್ ಬಜಾರಿನ ಗಲ್ಲಿಯ ಬಳೆ ಅಂಗಡಿಯವನೂ ಒಂದು ದಿನ ಅಂಗಡಿ ಮುಚ್ಚಿ ಬಂದು ನೋಡಿಹೋದ. ಅವ್ವ ಒಂದು ಚೆಂಡನ್ನೂ ನೋಡಲಿಲ್ಲ.

ಹೋದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಅವ್ವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳಿಗೆ ಎಂಬತ್ತಮೂರು, ನನಗೆ ಅರವತ್ತನಾಲ್ಕು. ಒಂದು ಕಣ್ಣು ಎಂದೋ ಹೋಗಿತ್ತು, ಪೊರೆ ಇರಬೇಕು ಎಂದು ಇಬ್ಬರೂ ಸುಮ್ಮನಿದ್ದೆವು. ಡಾಕ್ಟರು ಇನ್ನೊಂದನ್ನು ಬಹಳ ಹೊತ್ತು ನೋಡಿದರು. ಪೊರೆಯಲ್ಲ, ನರ ಒಣಗುತ್ತಿದೆ ಎಂದರು. ಈಗ ಇವರಿಗೆ ಕಾಣುವುದು ಬಾಗಿಲ ಸಂದಿಯಿಂದ ಇಣುಕಿದಷ್ಟು, ಆ ಸಂದಿಯೂ ಮುಚ್ಚುತ್ತಿದೆ ಎಂದರು. ಎಷ್ಟು ದಿನ ಎಂದು ಕೇಳಿದೆ. ತಿಂಗಳೋ ಎರಡು ತಿಂಗಳೋ ಹೇಳಲಾಗದು, ನೋಡಬೇಕೆಂದು ಆಸೆಪಟ್ಟದ್ದು ಏನಾದರೂ ಇದ್ದರೆ ಈಗಲೇ ತೋರಿಸಿಬಿಡಿ ಎಂದು ತೆಲುಗಿನಲ್ಲಿ ಹೇಳಿ ಮುಂದಿನವರನ್ನು ಕರೆದರು.

ಆಟೋದಲ್ಲಿ ನಾಚಾರಂಗೆ ವಾಪಸು ಬರುವಾಗ ಅವ್ವ ನನ್ನ ತೋಳು ಹಿಡಿದು ಕೂತಿದ್ದಳು. ಅವಳಿಗೆ ಏನು ತೋರಿಸಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಶ್ರೀಶೈಲ ನೋಡಿದ್ದಾಳೆ. ತೋರಿಸೋಣವೆಂದರೆ ನನಗೆ ಮಕ್ಕಳಿಲ್ಲ, ಮದುವೆಯೇ ಇಲ್ಲ. ನಮ್ಮ ಮನೆಯ ತಿರುವಿನಲ್ಲಿ, ಪೈಪ್ ಕೊಯ್ಯುವ ಶೆಡ್ಡಿನ ಮುಂದೆ ಆಟೋ ನಿಂತಾಗ ನನಗೆ ಅದು ಹೊಳೆಯಿತು.

ಅವ್ವ ನನ್ನ ಆಟ ಯಾಕೆ ನೋಡಿರಲಿಲ್ಲ ಎನ್ನುವುದನ್ನು ಮೊದಲು ಹೇಳಬೇಕು. ಅದರಲ್ಲಿ ನನ್ನ ನಾಲಿಗೆಯ ತಪ್ಪೇ ಜಾಸ್ತಿ.

ನಾವು ರಾಯಚೂರು ಕಡೆಯವರು. ಅಪ್ಪ ಈ ತೆಲುಗರ ಊರಿಗೆ ಬಂದು ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಆಫೀಸಿನ ಹಿಂದೆ ಮಣ್ಣಿನ ಕೋರ್ಟ್ ಇತ್ತು, ಸಂಜೆ ಸಾಹೇಬರು ಆಡುತ್ತಿದ್ದರು, ಅಪ್ಪ ಸ್ಕೋರ್ ಹೇಳುತ್ತ ನಿಲ್ಲುತ್ತಿದ್ದ. ಒಂಬತ್ತು ವರ್ಷದ ನನ್ನನ್ನು ಜೊತೆಗೆ ಕರೆದೊಯ್ದು ಮುರುಕು ರ‍್ಯಾಕೆಟ್ ಒಂದನ್ನು ಕೊಟ್ಟು ಗೋಡೆಗೆ ಹೊಡಿ ಎಂದ. ಹೊಡೆದೆ. ಹದಿನೆಂಟಕ್ಕೆ ಮೊದಲ ಸಲ ಚಾಂಪಿಯನ್ ಆದೆ. ಅವ್ವನಿಗೆ ಇದೆಲ್ಲ ಬೇಕಿರಲಿಲ್ಲ. "ಹೆಣ್ಣ ಹುಡುಗಿ ಮೊಣಕಾಲ ಬಿಟ್ಟಕೊಂಡು ಓಡೂದು ಯಾವ ಸೀಮಿ ಆಟ್ರಿ?" ಎಂದು ಅಪ್ಪನನ್ನು ಕೇಳುತ್ತಿದ್ದಳು. ಅಪ್ಪ ನಗುತ್ತಿದ್ದ. ಅಪ್ಪನಿಗೆ ನಗುವುದೊಂದು ಗೊತ್ತಿತ್ತು, ಎಲ್ಲ ಜಗಳಕ್ಕೂ ಅದನ್ನೇ ಬಳಸುತ್ತಿದ್ದ.

ಆಗಿನ ರ‍್ಯಾಕೆಟ್ ಮರದ್ದು. ಒಳ್ಳೆಯ ರ‍್ಯಾಕೆಟ್ಟಿಗೆ ಕುರಿಯ ಕರುಳಿನ ತಂತಿ ಬಿಗಿಯುತ್ತಿದ್ದರು. ನೈಲಾನ್ ಇತ್ತು, ಆದರೆ ಕರುಳಿನ ತಂತಿಗೆ ತಾಗಿದ ಚೆಂಡಿಗೆ ಬರುವ ಜೀವ ನೈಲಾನಿಗೆ ತಾಗಿದರೆ ಬರುವುದಿಲ್ಲ. ನಮ್ಮದು ಲಿಂಗಾಯತ ಮನೆ. ಅವ್ವ ಕೊರಳಲ್ಲಿ ಲಿಂಗ ಕಟ್ಟಿದವಳು, ಮೊಟ್ಟೆ ಮಾರುವ ಅಂಗಡಿಯಲ್ಲಿ ಬ್ರೆಡ್ಡನ್ನೂ ಕೊಳ್ಳದವಳು. ಮೊದಲ ಸಲ ಅಂಥ ತಂತಿ ಹಾಕಿಸಿಕೊಂಡು ಬಂದ ದಿನ ಅಪ್ಪ ಮೆಟ್ಟಿಲ ಮೇಲೆ ನನ್ನ ಭುಜ ಹಿಡಿದು, "ನಿಮ್ಮವ್ವಗ ದಾರ ಅಂತ ಹೇಳು, ಅಷ್ಟ ಸಾಕು" ಎಂದಿದ್ದ. ಹಾಗೆಯೇ ಹೇಳಿದೆ. ಅವ್ವ ನಂಬಿದಳು.

ಕರುಳಿನ ತಂತಿಗೆ ನೀರು ಆಗದು. ಒದ್ದೆಯಾದರೆ ಉಬ್ಬುತ್ತದೆ, ಎಳೆ ಬಿಡುತ್ತದೆ, ಒಣಗುವಾಗ ಕಿತ್ತುಕೊಂಡು ಹೋಗುತ್ತದೆ. ಮರಕ್ಕೂ ಆಗದು, ಸೊಟ್ಟಗಾಗುತ್ತದೆ. ಅದಕ್ಕೇ ರ‍್ಯಾಕೆಟ್ಟನ್ನು ನಾಲ್ಕು ತಿರುಪಿನ ಮರದ ಚೌಕಟ್ಟಿನಲ್ಲಿ ಬಿಗಿದು ಗೂಟಕ್ಕೆ ನೇತುಹಾಕುತ್ತಿದ್ದೆ. ಯಾರೂ ಮುಟ್ಟಬಾರದು ಎಂದು ಮನೆಯಲ್ಲಿ ಕೂಗಾಡಿಟ್ಟಿದ್ದೆ. ಯಾಕೆ ಮುಟ್ಟಬಾರದು ಎಂದು ಮಾತ್ರ ಹೇಳಿರಲಿಲ್ಲ.

ನನಗೆ ಇಪ್ಪತ್ತಾದ ವರ್ಷ ಫೈನಲ್ ದಸರೆಯ ದಿನ ಬಿತ್ತು. ಬಾಲಾನಗರದ ಒಂದು ಕಾರ್ಖಾನೆಯವರು ಆಟಗಾರ್ತಿಯರಿಗೆ ನೌಕರಿ ಕೊಡುತ್ತಾರಂತೆ, ಫೈನಲ್ ನೋಡಲು ಬರುತ್ತಾರಂತೆ ಎಂದು ಅಪ್ಪ ಸುದ್ದಿ ತಂದಿದ್ದ. ನೌಕರಿ ಸಿಕ್ಕರೆ ನನ್ನ ಆಟ ಉಳಿಯುತ್ತಿತ್ತು, ಸಿಗದಿದ್ದರೆ ಊರಿನಲ್ಲಿ ಒಂದು ಗಂಡು ನೋಡಿಟ್ಟಿದ್ದರು. ಖಂಡೇನವಮಿಯ ಬೆಳಿಗ್ಗೆ ನಾನು ಹೊರಡುತ್ತಿದ್ದಾಗ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಳೆ ನಾನೂ ಬರ್ತೀನಿ. ಎಲ್ಲಿ ಕುಂದರಬೇಕು ಅನ್ನೂದು ನಿಮ್ಮಪ್ಪಗ ಹೇಳಿಟ್ಟಿರು" ಎಂದಳು. ಟ್ರಂಕಿನ ಮೇಲೆ ಅವಳ ಇಳಕಲ್ ಸೀರೆ ತೆಗೆದಿಟ್ಟಿತ್ತು. ಹೂಂ ಎಂದು ಮೆಟ್ಟಿಲಿಳಿದು ಓಡಿದೆ. ಹೊಸ ತಂತಿ ಹಾಕಿದ ರ‍್ಯಾಕೆಟ್ಟನ್ನು ಫೈನಲ್ಲಿಗೆಂದು ಗೂಟದಲ್ಲೇ ಬಿಟ್ಟು, ಬಿರುಕು ಬಿಟ್ಟು ಪಂದ್ಯಕ್ಕೆ ಬಾರದ ಹಳೆಯದನ್ನು ಹಿಡಿದು ಅಭ್ಯಾಸಕ್ಕೆ ಹೋದೆ.

ಮಧ್ಯಾಹ್ನ ಬಂದಾಗ ಪೂಜೆ ನಡೆದಿತ್ತು. ನಮ್ಮ ಕಡೆ ಖಂಡೇನವಮಿ ಎಂದರೆ ದುಡಿಯುವ ಸಾಮಾನುಗಳ ಪೂಜೆ. ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ, ಮರುದಿನದವರೆಗೆ ಯಾವುದನ್ನೂ ಕೆಲಸಕ್ಕೆ ಹಚ್ಚುವುದಿಲ್ಲ. ಈಳಿಗೆ ಇತ್ತು, ಹೊಲಿಗೆ ಯಂತ್ರ ಇತ್ತು, ಅಪ್ಪನ ಸೈಕಲ್, ಅಪ್ಪನ ಪೆನ್ನು. ಅವುಗಳ ನಡುವೆ, ಗೋಡೆಗೆ ಒರಗಿಸಿ, ಚೌಕಟ್ಟು ಬಿಚ್ಚಿ, ನನ್ನ ರ‍್ಯಾಕೆಟ್. ಮರದ ಮೇಲೆ ಮೂರು ಬೆರಳಿನ ವಿಭೂತಿ, ತಂತಿಯ ನಟ್ಟನಡುವೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ.

ಅವ್ವನ ಮುಖ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಕಂಡಿರಲಿಲ್ಲ. "ನಿನ್ನ ಬ್ಯಾಟೂ ಇಟ್ಟೀನಿ ನೋಡ ಯವ್ವಾ. ಬೆವರು ಹತ್ತಿ ಕರ್ರಗಾಗಿತ್ತು. ಸೀಗೆಕಾಯಿ ಹಾಕಿ ತಿಕ್ಕಿ ತೊಳದು, ಬಿಸಲಾಗ ಒಣಗಸೀನಿ" ಎಂದಳು. ಆರತಿ ತಟ್ಟೆ ಎತ್ತಿದಳು. ಆಗಲೇ ಒಂದು ತಂತಿ ಟಪ್ಪೆಂದು ಹರಿಯಿತು. ಅವ್ವ ಬೆಚ್ಚಿದಳು. ಇನ್ನೊಂದು ಹರಿಯಿತು.

ನಾನು ಕೂಗಿದೆ. ಏನು ಕೂಗಿದೆ ಎನ್ನುವುದು ಒಂದಕ್ಷರ ಬಿಡದೆ ನೆನಪಿದೆ. "ಹಾಳ ಮಾಡಿದಿ! ಏನ ಮಾಡೀದಿ ಗೊತ್ತೈತೇನ ನಿನಗ? ಅದು ದಾರ ಅಲ್ಲ, ಕುರಿ ಕರಳು! ದೇವರ ಮುಂದ ಕುರಿ ಕರಳು ಇಟ್ಟು ಆರತಿ ಬೆಳಗಾಕತ್ತೀ!"

ಅವ್ವ ತಟ್ಟೆ ಕೆಳಗಿಟ್ಟಳು. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಪ್ಪನ ಕಡೆ ತಿರುಗಿ, "ಖರೇ ಏನ್ರಿ?" ಎಂದಳು. ಅಪ್ಪ ಅವತ್ತು ನಗಲಿಲ್ಲ, ಹೌದೆಂದು ತಲೆಯಾಡಿಸಿದ. ಅವ್ವ ಬಚ್ಚಲಿಗೆ ಹೋಗಿ ಉಟ್ಟ ಸೀರೆಯ ಮೇಲೇ ನೀರು ಸುರಿದುಕೊಂಡಳು. ಬಂದು ಪೂಜೆಯ ಜಾಗ ಒರೆಸಿದಳು, ಎಲ್ಲ ಸಾಮಾನನ್ನೂ ಮತ್ತೆ ತೊಳೆದಳು. ರ‍್ಯಾಕೆಟ್ಟನ್ನು ಮಾತ್ರ ಎರಡೂ ಕೈಯಲ್ಲಿ ಎತ್ತಿ ತಂದು, ಹೂಮಾಲೆ ತೆಗೆದು, ನನ್ನ ಪಕ್ಕ ಇಟ್ಟಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ತಂತಿ ಬಿಗಿಯುವವನ ಅಂಗಡಿ ನಮ್ಮ ಗಲ್ಲಿಯಿಂದ ನಾಲ್ಕು ಹೆಜ್ಜೆ. ಅಪ್ಪನೂ ನಾನೂ ಓಡಿದೆವು. ವಯಸ್ಸಾದ ತೆಲುಗಿನವ, ಒಳ್ಳೆಯ ಮನುಷ್ಯ. ಅರ್ಧ ಬಾಗಿಲು ಹಾಕಿ ಕೂತಿದ್ದ. ಅವನ ದಬ್ಬಣ, ಇಕ್ಕಳ ಎಲ್ಲವೂ ಚೆಂಡುಹೂವಿನ ಕೆಳಗಿದ್ದವು. "ಆಜ್ ಹಾಥ್ ನಹೀ ಲಗಾತೇ, ಬೇಟಾ" ಎಂದ, ಇವತ್ತು ಸಾಮಾನಿಗೆ ಕೈ ಹಚ್ಚುವ ಹಾಗಿಲ್ಲವಂತೆ. ಅಪ್ಪ ಕೈಮುಗಿದ. ನಾನು ಅತ್ತೆ. ಮುದುಕ ಬಹಳ ಹೊತ್ತು ರ‍್ಯಾಕೆಟ್ ನೋಡಿ, ನಾನು ಮುಟ್ಟುವುದಿಲ್ಲ, ಬೇಕಾದರೆ ಹೇಳಿಕೊಡುತ್ತೇನೆ, ನೀನೇ ಮಾಡು ಎಂದು ನೈಲಾನ್ ಸುರುಳಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದ. ಮನೆಯಿಂದ ಗೋಣಿ ಹೊಲಿಯುವ ದಬ್ಬಣ ತಂದೆ. ಅವನು ಎರಡೂ ಕೈಗಳನ್ನು ತೊಡೆಯ ಸಂದಿಯಲ್ಲಿ ಅದುಮಿಟ್ಟುಕೊಂಡು ಬಾಯಲ್ಲೇ ಹೇಳುತ್ತ ಹೋದ, ನಾನು ಎಳೆಯುತ್ತ ಹೋದೆ. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಬೆರಳು ಕೊಯ್ದು ರಕ್ತ ಬಂದಿತ್ತು. ತಂತಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲು. ಮರವೂ ಸೊಟ್ಟ.

ಆ ಸೊಟ್ಟ ರ‍್ಯಾಕೆಟ್ಟಿನಲ್ಲೇ ಮರುದಿನ ಗೆದ್ದೆ. ಗೆದ್ದದ್ದು ಹೇಗೆ ಎಂದು ಇವತ್ತಿಗೂ ತಿಳಿಯದು, ಸಿಟ್ಟಿನಲ್ಲಿ ಹೊಡೆದೆ ಅಷ್ಟೆ. ಕಾರ್ಖಾನೆಯವರು ಅಲ್ಲೇ ನನ್ನ ವಿಳಾಸ ಬರೆದುಕೊಂಡರು. ಅಪ್ಪನ ಪಕ್ಕದ ಕುರ್ಚಿಯ ಮೇಲೆ ಜಾಗ ಹಿಡಿಯಲು ಇಟ್ಟ ಕರ್ಚೀಫು ಕೊನೆಯವರೆಗೂ ಹಾಗೆಯೇ ಇತ್ತು. ಮನೆಗೆ ಬಂದು ಕಪ್ಪು ತೋರಿಸಿದೆ. ಅವ್ವ "ಛಲೋ ಆತು" ಎಂದು ರೊಟ್ಟಿ ಬಡಿಸಿದಳು. ಇಳಕಲ್ ಸೀರೆ ಟ್ರಂಕಿಗೆ ಹೋಗಿತ್ತು.

ಆಮೇಲೆ ಬಾಲಾನಗರದಲ್ಲಿ ನೌಕರಿ. ಬೆಳಿಗ್ಗೆ ಆಟ, ಮಧ್ಯಾಹ್ನದಿಂದ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು. ಇನ್ನೆರಡು ಸಲ ಚಾಂಪಿಯನ್ ಆದೆ. ಮರ ಹೋಗಿ ಲೋಹ ಬಂತು, ಲೋಹ ಹೋಗಿ ಮತ್ತೇನೋ ಬಂತು, ಇಪ್ಪತ್ತು ವರ್ಷದವರು ನನ್ನ ತಲೆಯ ಮೇಲಿನಿಂದ ಹೊಡೆಯತೊಡಗಿದರು. ಭುಜ ಕೈಕೊಟ್ಟಿತು. ಬಿಟ್ಟೆ. ಅಪ್ಪ ತೀರಿಕೊಂಡ. ಇಷ್ಟು ವರ್ಷದಲ್ಲಿ ಅವ್ವ ಬರುತ್ತೇನೆ ಅನ್ನಲಿಲ್ಲ, ಬಾ ಎಂದು ನಾನೂ ಕರೆಯಲಿಲ್ಲ. ಅವಳಿಗೆ ಸಿಟ್ಟು ಎಂದುಕೊಂಡಿದ್ದೆ. ನನ್ನ ಸೊಕ್ಕು ನನಗೆ.

ಡಾಕ್ಟರ ಹತ್ತಿರ ಹೋಗಿಬಂದ ಮೂರನೆಯ ದಿನ ಅವ್ವ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದಳು. ಕಣ್ಣಿನಿಂದಲ್ಲ, ಬೆರಳಿನಿಂದ. ಎದುರು ಕೂತು ಕೇಳಿಯೇಬಿಟ್ಟೆ.

"ಅವ್ವಾ, ನನ್ನ ಆಟ ನೋಡಾಕ ಬರ್ತೀ ಏನ?"

"ಈಗೂ ಆಡ್ತೀ ಏನ?"

"ಆಡ್ತೀನಿ."

"ಕರದ್ರ ಬರ್ತೀನಿ."

"ಅವಾಗ ಯಾಕ ಬರಲಿಲ್ಲ? ನನ್ನ ಮ್ಯಾಲ ಅಷ್ಟ ಸಿಟ್ಟಿತ್ತೇನ?"

ಅವ್ವನ ಬೆರಳು ನಿಂತವು. "ಸಿಟ್ಟೆಲ್ಲಿದು ಯವ್ವಾ. ಹೆದರಿಕಿ. ನನ್ನ ಕೈ ಹತ್ತಿ ನಿನ್ನ ಬ್ಯಾಟ ಹಾಳಾತು. ನಾ ಬಂದು ಕುಂತ್ರ ಆಟಾನೂ ಹಾಳಾಗ್ತೈತಿ ಅಂತ ಭಾಳ ಹೆದರಿದ್ದೆ. ಬರಲಿಲ್ಲ, ನೀ ಗೆದ್ದಿ. ಮತ್ತ ಹೆಂಗ ಬರ್ಲಿ?"

"ಕುರಿ ಕರಳು ಅಂತ..."

"ಅದಕ್ಕೇನ, ಮೈ ತೊಳಕೊಂಡ್ರ ಹೋತು."

ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನಲವತ್ತನಾಲ್ಕು ವರ್ಷ! ಅವಳು ಅಲ್ಲಿ ಕೂತು ನಾನು ಗೆಲ್ಲಲಿ ಎಂದು ಮನೆಯಲ್ಲೇ ಉಳಿದಿದ್ದಳು, ನಾನು ಇಲ್ಲಿ ಗೆದ್ದು ಗೆದ್ದು ಅವಳನ್ನು ಮನೆಯಲ್ಲೇ ಇಟ್ಟಿದ್ದೆ. ಅವತ್ತು ಸೋತಿದ್ದರೆ ಅವ್ವ ಮುಂದಿನ ವರ್ಷ ಬರುತ್ತಿದ್ದಳೇನೋ.

ಆಡುತ್ತೇನೆ ಎಂದು ಬಾಯಲ್ಲಿ ಹೇಳಿದ್ದೆ, ಆಡುವುದು ಎಲ್ಲಿಂದ ಬರಬೇಕು. ರ‍್ಯಾಕೆಟ್ ಮುಟ್ಟಿ ಒಂಬತ್ತು ವರ್ಷವಾಗಿತ್ತು, ಪಂದ್ಯ ಬಿಟ್ಟ ಮೇಲೆ ಮೋಜಿಗೆ ಆಡುತ್ತಿದ್ದದ್ದೂ ನಿಂತಿತ್ತು. ಬಲಗೈ ಕಿವಿಯವರೆಗೆ ಏಳುತ್ತಿರಲಿಲ್ಲ, ತಲೆ ಬಾಚುವುದೂ ಎಡಗೈಯಲ್ಲಿ. ಭುಜಕ್ಕೆ ಇಂಜೆಕ್ಷನ್ ಕೊಡಿ ಎಂದು ಮೂಳೆ ಡಾಕ್ಟರ ಮುಂದೆ ಕೂತೆ. ಈ ವಯಸ್ಸಿನಲ್ಲಿ ಯಾಕಮ್ಮಾ ಎಂದರು. ಕೊಡಿ ಅಷ್ಟೆ ಎಂದೆ. ನನ್ನ ಜೊತೆ ಆಡಿದವರಿಗೆಲ್ಲ ಫೋನ್ ಮಾಡಿದೆ. ಒಬ್ಬಳಿಗೆ ಎರಡೂ ಮೊಣಕಾಲು ಬದಲಾಗಿದ್ದವು, ಒಬ್ಬಳು ಹೋಗಿಬಿಟ್ಟಿದ್ದಳು, ಫೋನೆತ್ತಿದ ಸೊಸೆ ನನ್ನನ್ನೇ ಸಮಾಧಾನ ಮಾಡಿದಳು. ಹಿಂದೆ ನಾನು ಆಡಿದ ಕ್ಲಬ್ಬಿನ ಗೇಟಿನಲ್ಲಿ ಮೆಂಬರೇ ಎಂದು ಕೇಳಿದರು. ಚಾಂಪಿಯನ್ ಎಂದೆ. ಮೆಂಬರೇ ಎಂದು ಮತ್ತೆ ಕೇಳಿದರು.

ಇತ್ತ ಅವ್ವನ ಕಣ್ಣು ಕಾಯುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಅವಳನ್ನು ಬಾಲ್ಕನಿಗೆ ಕರೆತಂದು, ಎದುರಿನ ಬಾಲ್ಕನಿಯಲ್ಲಿ ಏನು ಕಾಣುತ್ತದೆ ಎಂದು ಕೇಳುತ್ತಿದ್ದೆ. ಮೊದಲ ವಾರ ತುಳಸಿ ಕುಂಡ, ಸೈಕಲ್, ಒಣಹಾಕಿದ ಬಟ್ಟೆ ಎಲ್ಲ ಹೇಳಿದಳು. ಎರಡನೆಯ ವಾರ ಸೈಕಲ್ ಹೋಯಿತು. ಅದು ಅಲ್ಲೇ ಇತ್ತು, ಕೆಂಪಗೆ, ಬೆಲ್ಲಿನ ಸಮೇತ. ಗಣಪತಿ ಕಳೆದು ಮೂರು ದಿನಕ್ಕೆ ತುಳಸಿ ಕುಂಡವೂ ಹೋಯಿತು. "ಬಿಳೆ ಚಾದರ ಒಂದ ಕಾಣಾಕತ್ತೈತಿ" ಎಂದಳು. ಬಿಳಿ ಬಣ್ಣವಾದರೂ ಇನ್ನೂ ಇದೆಯಲ್ಲ ಎಂದು ಅದನ್ನೇ ಹಿಡಿದುಕೊಂಡೆ.

ಕೊನೆಗೆ ಕೋರ್ಟ್ ಸಿಕ್ಕಿದ್ದು ನಮ್ಮ ಮನೆಯಿಂದ ಸ್ವಲ್ಪ ದೂರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ರಜೆಯ ದಿನ ಆಡುವ ಒಬ್ಬಳು ಮಂಗಳೂರು ಕಡೆಯವಳು, ಐಟಿ ಕಂಪನಿಯಲ್ಲಿ ಕೆಲಸ, ನಲವತ್ತರ ಆಸುಪಾಸು. ಎತ್ತರದಲ್ಲೂ ಮೈಕಟ್ಟಿನಲ್ಲೂ ನನ್ನಷ್ಟೇ. ವಿಷಯವೆಲ್ಲ ಹೇಳಿದೆ. "ನೀವು ಚಾಂಪಿಯನ್ ಆದವರಲ್ವಾ ಆಂಟಿ, ನನಗೆ ಹೆದರಿಕೆ ಆಗ್ತದೆ" ಎಂದಳು. ನಾನು ಎರಡು ಮಾತು ಕೇಳಿಕೊಂಡೆ. ಒಂದು, ಮೈತುಂಬ ಬಿಳಿ ಹಾಕಿಕೊಂಡು ಬರಬೇಕು, ನಾನೂ ಬಿಳಿಯೇ ಹಾಕುತ್ತೇನೆ, ಅವ್ವನಿಗೆ ಬಿಳಿ ಬಿಟ್ಟರೆ ಏನೂ ಕಾಣುವುದಿಲ್ಲ, ಎದುರಾಳಿ ಕಾಣದಿದ್ದರೆ ಆಟ ಆಟವೇ ಅಲ್ಲ. ಎರಡು, ನನಗೆ ಬಿಟ್ಟುಕೊಟ್ಟು ಆಡಬಾರದು. "ಮುದುಕಿ ಅಂತ ಮೆತ್ತಗೆ ಹೊಡೆದರೆ ನೆಟ್ ದಾಟಿ ಬಂದು ಬೈತೀನಿ ನೋಡು" ಎಂದೆ. ಅವಳು ನನ್ನ ಮುಖ ನೋಡಿ ಆಯ್ತು ಎಂದಳು. ಈ ಎರಡೂ ಮಾತನ್ನು ನಾನೇ ಆಡಿದ್ದು. ಆಮೇಲೆ ಆದದ್ದರ ತಪ್ಪನ್ನು ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಮೊದಲ ಭಾನುವಾರ ಮಳೆ. ಎರಡನೆಯ ಭಾನುವಾರ ಬೆಳಿಗ್ಗೆ ಮಳೆ ನಿಂತಿತ್ತು, ಕೋರ್ಟಿನಲ್ಲಿ ನೀರು ನಿಂತಿತ್ತು. ಮೊಣಕಾಲೂರಿ ಟವೆಲಿನಲ್ಲಿ ಒರೆಸತೊಡಗಿದೆ. ಅರ್ಧ ಒರೆಸುವಷ್ಟರಲ್ಲಿ ಮತ್ತೆ ಸುರಿಯಿತು. ಏಳಲು ಹೋಗಿ ಜಾರಿದೆ, ಎಡ ಮೊಣಕಾಲು ಉಳುಕಿತು. ನೀರಿನಲ್ಲೇ ಕೂತು ಆಕಾಶಕ್ಕೆ ಬೈದೆ. ವಾಚ್‌ಮನ್ ಕೊಡೆ ಹಿಡಿದುಕೊಂಡು ಬಂದು, ಅಮ್ಮಾ ಮನೆಗೆ ಹೋಗಿ ಎಂದ.

"ಬನ್ನಿ ಹಬ್ಬದ ದಿನ ಆಡು" ಎಂದಳು ಅವ್ವ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತ. ದಸರೆಗೆ ಇನ್ನೂ ಆರು ದಿನವಿತ್ತು. ಆರೂ ದಿನ ಬೆಳಿಗ್ಗೆ ಬಿಳೆ ಚಾದರ ಕಾಣುತ್ತದೆಯೇ ಎಂದು ಕೇಳಿದೆ. ಐದನೆಯ ದಿನ ಬಹಳ ಹೊತ್ತು ಹುಡುಕಿ ಹೂಂ ಅಂದಳು.

ಆ ಐದನೆಯ ದಿನವೇ ಖಂಡೇನವಮಿ. "ಬ್ಯಾಟ ತಾ" ಎಂದಳು. ತಂದು ಕೊಟ್ಟೆ. "ನೀರ ಹಚ್ಚೂದಿಲ್ಲ, ಅಂಜಬ್ಯಾಡ" ಎಂದು ಒಣ ವಿಭೂತಿ ಹಚ್ಚಿದಳು. ತಂತಿಯ ಮೇಲೆ ಬೆರಳಾಡಿಸಿ, "ಇದರಾಗ ಏನೈತಿ?" ಎಂದಳು.

"ಪ್ಲಾಸ್ಟಿಕ್."

"ಖರೇನ?"

"ಖರೇನ ಅವ್ವಾ."

ದಸರೆಯ ಬೆಳಿಗ್ಗೆ ಬಿಸಿಲು ಬಿತ್ತು. ಅವ್ವ ಇಳಕಲ್ ಸೀರೆ ಉಟ್ಟು, ಸೆರಗಿನ ತುದಿಯಲ್ಲಿ ಬನ್ನಿ ಎಲೆ ಕಟ್ಟಿಕೊಂಡು ಬಂದಳು. ನೆಟ್ಟಿನ ಕಂಬದ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. "ಬಿಳೆ ಅರಿವಿ ನೋಡಕೋತ ಇರು, ನಾನ ಅದು" ಎಂದೆ. ಮಂಗಳೂರಿನವಳು ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಆಚೆ ಕಡೆ ಹೋದಳು. ಕೊಟ್ಟ ಮಾತಿನಂತೆ ಮೈತುಂಬ ಬಿಳಿ.

ಮೊದಲ ಗೇಮ್ ನಾನು ಗೆದ್ದೆ. ನೆಟ್ಟಿನ ಹತ್ತಿರ ಮೆಲ್ಲಗೆ ಬೀಳಿಸಿದೆ ಒಂದು, ಮೂಲೆಗೆ ಕೊಯ್ದು ಹೊಡೆದೆ ಇನ್ನೊಂದು. ಕೈಗೆ ಎಲ್ಲ ನೆನಪಿತ್ತು. ಎದೆ ಉಬ್ಬಿತು, ಅವ್ವನ ಕಡೆ ತಿರುಗಿದೆ. ಅವಳು ಕುತ್ತಿಗೆ ಮುಂದೆ ಚಾಚಿ, ತನ್ನ ಸಂದಿಯಲ್ಲಿ ಏನನ್ನೋ ಹುಡುಕುತ್ತಿದ್ದಳು.

ಎರಡನೆಯ ಗೇಮಿನಲ್ಲಿ ಭುಜ ಹೋಯಿತು. ಇಂಜೆಕ್ಷನ್ ಎಲ್ಲಿ ಹೋಯಿತೋ. ಸರ್ವ್ ಮಾಡಲು ಕೈ ಮೇಲೇಳದೆ ಚಿಕ್ಕ ಮಕ್ಕಳ ಹಾಗೆ ಕೆಳಗಿನಿಂದ ತಳ್ಳಿದೆ. ಮೊಣಕಾಲು ಪ್ರತಿ ಹೆಜ್ಜೆಗೂ ಮಡಚುತ್ತಿತ್ತು. ಆಚೆಯವಳು ಒಪ್ಪಿದಂತೆಯೇ ಆಡಿದಳು. ಓಡಿ ಓಡಿ, ಮೂಲೆ ಮೂಲೆಗೆ. ನಾನು ಕುಂಟುತ್ತ ಹಿಂದೆ ಹೋದೆ, ಕುಂಟುತ್ತ ಮುಂದೆ ಬಂದೆ. ಇದನ್ನು ನೋಡಲು ಅವ್ವನನ್ನು ಕರೆತಂದೆನೇ ಎಂದುಕೊಂಡೆ. ಒಂದು ಪಾಯಿಂಟ್, ಒಂದೇ ಒಂದು, ಅವಳು ನೋಡುವಂಥದ್ದು ಕೊಡು ಎಂದು ಬೇಡಿಕೊಂಡೆ.

ಆಗ ಅವ್ವ ಕೂಗಿದಳು. "ಶಭಾಷ್ ಯವ್ವಾ!"

ನಾನು ಆ ಪಾಯಿಂಟ್ ಸೋತಿದ್ದೆ. ಪಾಪ, ಅವಳಿಗೆ ಆಟ ತಿಳಿಯದು ಎಂದುಕೊಂಡೆ. ಮುಂದಿನದನ್ನೂ ಸೋತೆ. ಅವ್ವ ತೊಡೆ ತಟ್ಟಿ ನಕ್ಕಳು. ಕಡೆ ಬದಲಿಸಿ ಅವಳ ಮುಂದೆಯೇ ಹಾದು ಹೋದೆ, ಅವ್ವನ ಮುಖ ನನ್ನನ್ನು ದಾಟಿ ಆಚೆಗೆ ತಿರುಗಿತು. ಮಿಂಚಿನಂತೆ ಓಡುವ ಬಿಳಿಯ ಹಿಂದೆ ತಿರುಗಿತು. ನನಗೆ ಗೊತ್ತಾಯಿತು. ಆಚೆಯವಳಿಗೂ ಗೊತ್ತಾಯಿತು. ಅವಳು ರ‍್ಯಾಕೆಟ್ ಇಳಿಸಿ, "ಆಂಟಿ..." ಎಂದಳು. ತುಟಿಯ ಮೇಲೆ ಬೆರಳಿಟ್ಟೆ. ಹೊಡಿ ಎಂದು ಸನ್ನೆ ಮಾಡಿದೆ. ಅವಳು ಅಳುತ್ತ ಹೊಡೆದಳು. ಆಮೇಲೆ ಒಂದು ಗೇಮನ್ನೂ ಗೆಲ್ಲದೆ ಮುಗಿಸಿದೆ.

ಹೋಗಿ ಅವ್ವನ ಮುಂದೆ ಕುಕ್ಕರಿಸಿದೆ. ಅವಳು ನನ್ನ ಮುಖ ತಡವಿ, ಬೆವರು ಒರೆಸಿ, ಎರಡೂ ಕೈಯಲ್ಲಿ ಕೆನ್ನೆ ಹಿಡಿದಳು. "ಎಷ್ಟ ಛಂದ ಓಡ್ತೀಯ ನನ್ನವ್ವಾ! ಭುಜ ನೋವು, ಮೊಣಕಾಲ ನೋವು ಅಂತಿದ್ದಿ, ಎಲ್ಲೈತಿ ನೋವು? ಎಲ್ಲಾ ನೋಡಿದೆ. ನಿಮ್ಮಪ್ಪ ಹೇಳೂದು ಖರೇನ ಇತ್ತು" ಎಂದಳು. ಸೆರಗಿನ ಗಂಟು ಬಿಚ್ಚಿ ಬನ್ನಿ ಎಲೆ ನನ್ನ ಅಂಗೈಗಿಟ್ಟಳು. "ಬನ್ನಿ ತಗೋ, ಬಂಗಾರದಂಗ ಇರು." ಆಮೇಲೆ ದನಿ ತಗ್ಗಿಸಿ ಕೇಳಿದಳು. "ಆ ಕಡೆ ಕುಂಟಾಕತ್ತಿದ್ದಾಕಿ ಯಾರು? ಭಾಳ ಓಡಿಸಿದಿ ಆಕಿನ್ನ."

ಕಟುಸತ್ಯ ಹೇಳಲು ನನ್ನ ನಾಲಿಗೆ ಎಂದೂ ತಡಮಾಡಿದ್ದಲ್ಲ. ಅವತ್ತು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

"ಆಕಿನೂ ಒಂದ ಕಾಲಕ್ಕ ಛಲೋ ಆಡ್ತಿದ್ದಳು, ಅವ್ವಾ."

"ಪಾಪ. ಹಬ್ಬದ ದಿನ ಸೋತಾಳ. ಆಕಿಗೂ ಬನ್ನಿ ಕೊಟ್ಟು ಬಾ" ಎಂದು ಇನ್ನಷ್ಟು ಎಲೆ ಕೊಟ್ಟಳು.

ನಾಲ್ಕು ಹೆಜ್ಜೆ ನಡೆದು ನೆಟ್ಟಿನ ಹತ್ತಿರ ನಿಂತೆ. ಎಲೆಗಳನ್ನು ನನ್ನ ಜೇಬಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ವಾಪಸು ಬಂದೆ.

"ಕೊಟ್ಟಿ?"

"ಕೊಟ್ಟೆ."

"ಏನಂದಳು?"

"ನಿಮ್ಮವ್ವ ಬಂದು ನನ್ನ ಆಟ ನೋಡಿದರು, ಅಷ್ಟ ಸಾಕು ಅಂದಳು."

ಅವ್ವ ತಲೆಯಾಡಿಸಿದಳು. ನಡಿ, ಮನೆಯಲ್ಲಿ ಹೋಳಿಗೆ ಮಾಡುವುದಿದೆ ಎಂದು ನನ್ನ ಕೈಗಾಗಿ ತಡಕಾಡಿದಳು.